ಜೀನ್ಸಿನ ಮರೆ

ಅಂಜಿನಿ ನಾಲ್ಕನೆಯ ಬಿದಿರ ಗಳ ನೆಟ್ಟು ಬುಡಕ್ಕೆ ಮಣ್ಣು ತುಳಿಯುವಷ್ಟರಲ್ಲಿ ಸುಶ್ಮಿತಾ ತಾನೇ ಹೊಲಿದ ಪರದೆಯನ್ನು ಹೆಗಲ ಮೇಲೆ ಹೊತ್ತು ಓಡಿಬಂದಳು. ಎಂಥ ಪರದೆ ಅಂತೀರಿ! ಕಾರ್ಖಾನೆಯವರು ಬೇಡವೆಂದು ಎಸೆದ ಜೀನ್ಸ್ ಪ್ಯಾಂಟುಗಳ ಕಾಲು ಬಿಚ್ಚಿ, ಒಂದಕ್ಕೊಂದು ಜೋಡಿಸಿ, ಎರಡೆರಡು ಹೊಲಿಗೆ ಹಾಕಿದ್ದು. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳಲು ಸಾಲಾಗಿ ಆರು ಗುಂಡಿ, ಆರು ಕಾಜ. ಗಂಡ ಹೆಂಡತಿ ಸೇರಿ ಅದನ್ನು ನಾಲ್ಕೂ ಗಳಕ್ಕೆ ಸುತ್ತಿ ಬಿಗಿದರು.

ರಾಯದುರ್ಗದ ಆ ವಠಾರದಲ್ಲಿ ನಾಲ್ಕು ಮನೆ, ಒಂದೇ ಅಂಗಳ, ಮೂಲೆಯಲ್ಲಿ ಬಟ್ಟಬಯಲಲ್ಲೊಂದು ಜಳಕದ ಕಲ್ಲು. ಎದುರು ಮನೆಯವರು ಮಹಡಿ ಎಬ್ಬಿಸಿದ ಮೇಲಂತೂ ನೀರು ಹುಯ್ದುಕೊಳ್ಳುವಾಗಲೆಲ್ಲ ಸುಶ್ಮಿತಾಳ ಕಣ್ಣು ಮೇಲೇ. ಮದುವೆಯಾಗಿ ಬಂದು ಎಂಟು ತಿಂಗಳಾದರೂ ಒಂದು ದಿನ ನೆಮ್ಮದಿಯಾಗಿ ಮೈ ತೊಳೆದುಕೊಂಡಿರಲಿಲ್ಲ. ಅವಳಿಗೆ ಬೇಕಿದ್ದುದು ಆ ಕಲ್ಲಿನ ಸುತ್ತ ಚಾಪೆಯಗಲದ ಮರೆ, ಅಷ್ಟೇ.

ಆಚೆ ಮನೆಯ ಜುಂಜಮ್ಮ ಬಿಟ್ಟರೆ ತಾನೆ? ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದೇಬಿಟ್ಟಳು. ನಾಲ್ಕು ಮನೆಯ ಅಂಗಳದಲ್ಲಿ ಇವತ್ತು ಗಳ ನೆಟ್ಟವರು ನಾಳೆ ಗೋಡೆ ಕಟ್ಟುತ್ತಾರೆ, ನಾಡಿದ್ದು ಜಾಗವೇ ನಮ್ಮದು ಅನ್ನುತ್ತಾರೆ ಎಂದು ಶುರುಹಚ್ಚಿಕೊಂಡಳು. ಸಾಲದ್ದಕ್ಕೆ ಕೀಳಲು ಗಳಕ್ಕೆ ಕೈಯನ್ನೂ ಹಾಕಿದಳು.

ಸುಶ್ಮಿತಾ ಅದೇ ಗಳವನ್ನು ತಾನೂ ಗಟ್ಟಿಯಾಗಿ ಹಿಡಿದಳು.

“ಇದು ನಮ್ಮೊಬ್ಬರಿಗಲ್ರಿ ಅಜ್ಜಿ, ನಾಕೂ ಮನಿ ಹೆಣಮಕ್ಕಳಿಗೆ. ಮೊದಲು ನೀವ ಒಳಗ ಹೋಗಿ ನೋಡ್ರಿ. ಬ್ಯಾಡ ಅಂದ್ರ ನಾನ ಕಿತ್ತು ಹಾಕ್ತೀನಿ.”

ನೋಡುವುದೇನಿದೆ ಅದರಲ್ಲಿ ಎಂದು ಗೊಣಗುತ್ತಲೇ ಜುಂಜಮ್ಮ ಒಳಗೆ ಹೋದಳು. ಒಂದೊಂದಾಗಿ ಆರೂ ಗುಂಡಿ ಹಾಕಿಕೊಂಡಳು. ಆಮೇಲೆ ನೀರು ತಾ ಎಂದು ಒಳಗಿಂದಲೇ ಅಪ್ಪಣೆಯಾಯಿತು. ಅಂಜಿನಿ ಮೆಲ್ಲಗೆ ಬೀದಿಗೆ ಜಾರಿಕೊಂಡ. ಸುಶ್ಮಿತಾ ಕುಣಿಯುತ್ತಲೇ ಎರಡು ಕೊಡ ನೀರು, ತಂಬಿಗೆ, ಸೋಪು ತಂದಳು. ಕೆಳಗಿನ ಗುಂಡಿಗಳು ಬಿಚ್ಚಿ, ಒಂದು ಕೈ ಹೊರಬಂದು ಎಲ್ಲವನ್ನೂ ಒಳಗೆಳೆದುಕೊಂಡಿತು.

ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ನೀರು ಸುರಿಯುವ ಸದ್ದು ನಿಂತು ಎಷ್ಟೋ ಹೊತ್ತಾದರೂ ಮುದುಕಿ ಹೊರಗೆ ಬರಲಿಲ್ಲ. ಸುಶ್ಮಿತಾಳಿಗೆ ತಡೆಯಲಾಗಲಿಲ್ಲ.

“ಏನಂತೀರಿ ಅಜ್ಜಿ? ಕೀಳಬೇಕೇನ್ರಿ?”

“ತಡಿಯವ್ವ,” ಒಳಗಿನಿಂದ ಜುಂಜಮ್ಮನ ದನಿ ಮೆತ್ತಗೆ ಬಂತು. “ಇಷ್ಟು ವರ್ಷ ನಸುಕಿನಾಗ, ಸೀರಿ ಮ್ಯಾಲೇ ನೀರು ಹಾಕ್ಕಂಡೀನಿ. ನನ್ನ ಮೈ ಹೆಂಗೈತಿ ಅಂತ ಇವತ್ತ ನೋಡಾಕತ್ತೀನಿ.”