ಐದನೆಯ ದಿನದ ಬಂದರು

ಕರೆಗಂಟೆ ಮೂರನೆಯ ಸಲ ಸದ್ದು ಮಾಡಿತು. ದೊಡ್ಡಕ್ಕ ಅಡುಗೆಮನೆಯ ನೆಲದ ಮೇಲೆ, ಗ್ಯಾಸ್ ಸಿಲಿಂಡರಿನ ಪಕ್ಕ, ಉಸಿರು ಬಿಗಿಹಿಡಿದು ಕೂತೇ ಇದ್ದರು. ಮೀಟರ್ ಓದುವವನು ಏನೋ ಗೊಣಗಿಕೊಂಡು ಮೆಟ್ಟಿಲಿಳಿದು ಹೋದ. ಆಮೇಲೂ ಐದು ನಿಮಿಷ ಅವರು ಅಲ್ಲಾಡಲಿಲ್ಲ. ಏಕೆಂದರೆ ಲೋಕದ ಪಾಲಿಗೆ ದೊಡ್ಡಕ್ಕ ಈಗ ಮನೆಯಲ್ಲಿರಲಿಲ್ಲ. ನಡುಸಮುದ್ರದಲ್ಲಿ, ಹನ್ನೆರಡು ಅಂತಸ್ತಿನ ವಿಹಾರದ ಹಡಗಿನಲ್ಲಿದ್ದರು.

ಮೂವತ್ತಾರು ವರ್ಷ ಒಂದೇ ಕಚೇರಿಯ ದಾಖಲೆ ಕೋಣೆ ನೋಡಿಕೊಂಡವರು ಅವರು. ಮದುವೆಯ ಮಾತು ಬಂದಾಗಲೆಲ್ಲ ಕಡತಗಳ ಹಿಂದೆ ಅಡಗಿಕೊಂಡು, ಕೊನೆಗೆ ಆ ಮಾತೇ ಬರುವುದು ನಿಂತು, ಅಲ್ಲೇ ತಲೆ ನರೆಸಿಕೊಂಡರು. ನಿವೃತ್ತಿಯ ದಿನ ಕಚೇರಿಯವರೆಲ್ಲ ಸೇರಿ ಹತ್ತು ದಿನದ ಹಡಗು ಪ್ರವಾಸದ ಟಿಕೆಟನ್ನು ಕೈಗಿಟ್ಟಾಗ ಎಲ್ಲರೆದುರೇ ಅತ್ತುಬಿಟ್ಟರು. ತಮಗೆಂದು ಯಾರಾದರೂ ಇಷ್ಟು ಯೋಚಿಸಿದ್ದು ಅದೇ ಮೊದಲು.

ಹೊರಡುವ ದಿನ ಬಂದರಿಗೆ ಹೋದದ್ದೂ ನಿಜ. ಸಾಲಿನಲ್ಲಿ ನಿಂತದ್ದೂ ನಿಜ. ಮುಂದೆ ಗಂಡ ಹೆಂಡತಿ, ಹಿಂದೆ ಗಂಡ ಹೆಂಡತಿ, ಪಕ್ಕದಲ್ಲಿ ಮೊಮ್ಮಕ್ಕಳ ಸಮೇತ ಒಂದು ಇಡೀ ಸಂಸಾರ. ಕೌಂಟರಿನ ಹುಡುಗಿ ನಗುನಗುತ್ತಾ, ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. “ಬರ್ತಾರೆ” ಎಂದುಬಿಟ್ಟರು ದೊಡ್ಡಕ್ಕ. ಸಾಲಿನಿಂದ ಈಚೆ ಬಂದು, ಯಾರಿಗೋ ಕಾಯುವವರಂತೆ ಸ್ವಲ್ಪ ಹೊತ್ತು ನಿಂತು, ಟ್ಯಾಕ್ಸಿ ಹಿಡಿದು ಮನೆಗೆ ಬಂದರು. ಪರದೆ ಎಳೆದರು. ಹತ್ತು ದಿನ ಒಬ್ಬರೇ ಇರುವುದಾದರೆ ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?

ಆದರೆ ಇದನ್ನು ಕಚೇರಿಯವರಿಗೆ ಹೇಳುವುದು ಹೇಗೆ? ಅವರ ಪ್ರೀತಿಯನ್ನು ಕಸದ ಬುಟ್ಟಿಗೆ ಹಾಕಿದ ಹಾಗಾಗುತ್ತಿತ್ತು. ಗೊತ್ತಾದರೆ ಮತ್ತೆ ಆ ಮೆಟ್ಟಿಲು ಹತ್ತುವ ಮುಖವಿರಲಿಲ್ಲ, ಅವರನ್ನು ಬಿಟ್ಟರೆ ದೊಡ್ಡಕ್ಕನಿಗೆ ಬೇರೆ ಜನವೂ ಇರಲಿಲ್ಲ. ಹಾಗಾಗಿ ಹಡಗಿನ ಕಂಪನಿ ಕೊಟ್ಟ ಬಣ್ಣದ ಪುಸ್ತಿಕೆಯನ್ನು ಮುಂದಿಟ್ಟುಕೊಂಡು ದಿನಕ್ಕೊಂದು ಬಂದರಿನಂತೆ ಫೋನಿನಲ್ಲಿ ಕಚೇರಿಯ ಗುಂಪಿಗೆ ವರದಿ ಕಳಿಸತೊಡಗಿದರು. ಫೋಟೋ ಕೇಳಿದವರಿಗೆ ಕ್ಯಾಮೆರಾ ಕೆಟ್ಟಿದೆ ಎಂದರು. ಎಲ್ಲರೂ ನಂಬಿದರು. ನೀವಿಲ್ಲದೆ ಕಚೇರಿ ಬಿಕೋ ಅನ್ನುತ್ತಿದೆ, ಟಪಾಲು ಕೂಡ ರಾಶಿ ಬಿದ್ದಿದೆ, ಹೇಳುವವರು ಕೇಳುವವರು ಇಲ್ಲ ಎಂದು ಬೆರಳಚ್ಚಿನ ಹುಡುಗಿ ಬರೆದಾಗ ದೊಡ್ಡಕ್ಕನಿಗೆ ಒಳಗೊಳಗೇ ಹಿತವಾಯಿತು.

ಕಾಟ ಕೊಟ್ಟವರು ಒಬ್ಬರೇ, ಟಪಾಲು ಗುಮಾಸ್ತರು.

ಮೊದಲಿನಿಂದಲೂ ಅವರದು ಒಂದು ಥರ. ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ದೊಡ್ಡಕ್ಕ ಎಂದರೆ, ಆತ ಮಾತ್ರ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅಕ್ಕ ಎಂದವರಲ್ಲ. ಮೇಡಂ ಅಂದರೆ ಮೇಡಂ. ಸೊಕ್ಕು ಎಂದುಕೊಂಡಿದ್ದರು ದೊಡ್ಡಕ್ಕ. ಮಧ್ಯಾಹ್ನ ಮೂಲೆಯಲ್ಲಿ ಒಬ್ಬರೇ ಡಬ್ಬಿ ಬಿಚ್ಚುವವರು, ಪ್ರತಿ ಲಕೋಟೆಯ ವಿಳಾಸವನ್ನೂ ಎರಡು ಸಲ ತಾಳೆ ನೋಡುವವರು. ಪಿನ್‌ಕೋಡಿನಲ್ಲಿ ಒಂದಂಕಿ ತಪ್ಪಿದ್ದಕ್ಕೆ ದೊಡ್ಡಕ್ಕನ ಪತ್ರವನ್ನೇ ವಾಪಸು ತಂದುಕೊಟ್ಟ ಆಸಾಮಿ.

ಈಗ ಆತ ಗುಂಪಿನಲ್ಲಿ ತುಟಿಪಿಟಕ್ಕೆನ್ನದೆ ದೊಡ್ಡಕ್ಕನೊಬ್ಬರಿಗೇ ಬರೆಯುತ್ತಿದ್ದರು. ಅರ್ಧ ದಿನ ಸುದ್ದಿಯೇ ಇಲ್ಲ, ಆಮೇಲೆ ಒಟ್ಟಿಗೆ ಮೂರು ಪ್ರಶ್ನೆ. ರಾತ್ರಿ ಊಟ ಎಷ್ಟು ಗಂಟೆಗೆ? ಎಂಟಕ್ಕೆ ಎಂದರು ದೊಡ್ಡಕ್ಕ. ಯಾವ ಕಡೆ ಕೂರುತ್ತೀರಿ? ಕಿಟಕಿಯ ಪಕ್ಕ. ಬೆಳಗ್ಗೆ ಮೇಲಿನ ಅಂತಸ್ತಿಗೆ ಹೋಗುತ್ತೀರಾ? ಏಳಕ್ಕೆ ತಪ್ಪದೆ ಹೋಗುತ್ತೇನೆ. ಮರುದಿನವೇ ಮತ್ತೆ: ಇವತ್ತು ಏಳಕ್ಕೆ ಹೋಗಿದ್ದಿರಾ? ಹೋಗಿದ್ದೆ, ತುಂಬಾ ಚಳಿ ಇತ್ತು ಎಂದು ಬರೆದರು ದೊಡ್ಡಕ್ಕ. ಪೊಲೀಸರೂ ಹೀಗೆ ಕೆದಕುವುದಿಲ್ಲ. ಈತನಿಗೆ ವಾಸನೆ ಹತ್ತಿದೆ, ಬಾಯಿ ಬಿಡಿಸಿಯೇ ಬಿಡುತ್ತಾನೆ ಎಂದು ಅವರಿಗೆ ಖಾತ್ರಿಯಾಯಿತು.

ಐದನೆಯ ದಿನ ಬೆಳಗ್ಗೆ ದೊಡ್ಡಕ್ಕ ಗುಂಪಿಗೆ ಬರೆದರು: “ಇವತ್ತು ದೀಪಸ್ತಂಭದ ಊರು. ಇನ್ನೂರು ಮೆಟ್ಟಿಲು ಹತ್ತಿದೆ, ಮಂಡಿ ಹಿಡ್ಕೊಂಡಿದೆ.” ಶಹಭಾಸುಗಳು ಬಂದವು. ಮಂಡಿಗೆ ಎಣ್ಣೆ ಹಚ್ಚಿ ಎಂದರು ಸಾಹೇಬರು.

ಮಧ್ಯಾಹ್ನ ಪಕ್ಕದ ಮನೆಯ ಟೀವಿ ಗೋಡೆಯಾಚೆಯಿಂದ ಕೂಗತೊಡಗಿತು. ದೀಪಸ್ತಂಭದ ಊರಿನಲ್ಲಿ ಗಲಭೆ. ಎರಡು ದಿನದಿಂದ ಕರ್ಫ್ಯೂ. ಬಂದರು ಬಂದ್. ವಿಹಾರದ ಹಡಗುಗಳೆಲ್ಲ ಮಾರ್ಗ ಬದಲಿಸಿ ದೂರದಿಂದಲೇ ಹೊರಟುಹೋಗಿವೆ.

ದೊಡ್ಡಕ್ಕ ಫೋನು ತೆರೆದು ನೋಡಿದರು. ಸಂದೇಶ ಅಳಿಸಿ ಪ್ರಯೋಜನವಿರಲಿಲ್ಲ, ಎಲ್ಲರೂ ಓದಿಯಾಗಿತ್ತು. ಊರಿನ ಹೆಸರು ತಪ್ಪಾಗಿ ಬರೆದೆ ಎನ್ನಲೇ? ಅದು ನಿನ್ನೆಯ ಮಾತು ಎನ್ನಲೇ? ನಿನ್ನೆಯೂ ಕರ್ಫ್ಯೂ ಇತ್ತಲ್ಲ. ಉಳಿದವರ ಕಣ್ಣಿಗೆ ಬೀಳದೆ ಹೋಗಬಹುದು. ವಿಳಾಸವನ್ನು ಎರಡು ಸಲ ನೋಡುವವರ ಕಣ್ಣು ತಪ್ಪುವುದುಂಟೇ?

ಮೂರು ಗಂಟೆಗೆ ಫೋನು ಗುಂಯ್ ಎಂದಿತು. ಅವರೇ.

“ಮೇಡಂ, ಹಡಗು ಆ ಊರಲ್ಲಿ ನಿಲ್ಲಲೇ ಇಲ್ಲ. ನೀವು ಹಡಗು ಹತ್ತಲೇ ಇಲ್ಲ, ಅಲ್ವಾ?”

ಮುಗಿಯಿತು. ದೊಡ್ಡಕ್ಕ ಫೋನನ್ನು ಮಗುಚಿಟ್ಟು ಗೋಡೆಗೊರಗಿದರು. ನಾಳೆ ಕಚೇರಿಯ ಮಧ್ಯಾಹ್ನದ ಚಹಾದ ಹೊತ್ತಿಗೆ ತಮ್ಮದೇ ಕಥೆ. ನಗುವವರು ನಗುತ್ತಾರೆ, ನೊಂದುಕೊಳ್ಳುವವರು ನೊಂದುಕೊಳ್ಳುತ್ತಾರೆ; ಎರಡನೆಯದೇ ಹೆಚ್ಚು ಸಂಕಟ. ತಪ್ಪಾಯಿತು, ಯಾರಿಗೂ ಹೇಳಬೇಡಿ ಎಂದು ಬೇಡಿಕೊಳ್ಳುವುದೊಂದೇ ಉಳಿದಿತ್ತು. ಹಾಗೆಂದು ಬರೆಯಲು ಫೋನು ಕೈಗೆತ್ತಿಕೊಂಡಾಗ ಅದರಲ್ಲಿ ಇನ್ನೊಂದು ಸಂದೇಶ ಬಂದು ಕೂತಿತ್ತು.

“ಸಾಲಲ್ಲಿ ಎಲ್ಲಾ ಜೋಡಿಗಳೇ ಇರ್ತಾರೆ, ನಿಮಗೆ ಬೇಜಾರಾಗುತ್ತೆ ಅಂತ ನಾನೂ ರಜೆ ಹಾಕಿ ಟಿಕೆಟ್ ತಗೊಂಡೆ, ಮೊದಲೇ ಹೇಳೋಕೆ ಧೈರ್ಯ ಬರಲಿಲ್ಲ; ಐದು ದಿನದಿಂದ ಈ ಹಡಗಲ್ಲಿ ನಿಮ್ಮನ್ನೇ ಹುಡುಕ್ತಾ ಇದ್ದೀನಿ.”