ಅಕ್ಕ ಸರಿಸಿದ ತಟ್ಟೆ

ಸೋಯಾ ಸಾಸಿನ ವಾಸನೆ ಬಂದರೆ ಇಂದಿಗೂ ನನಗೆ ಗದಗಿನ ಮಾಲ್‌ನಲ್ಲಿ ಅಕ್ಕನಿಗೆ ವರ ನೋಡಿದ ಮಧ್ಯಾಹ್ನವೇ ನೆನಪಾಗುತ್ತದೆ.

ಹುಡುಗ ಅಲ್ಲಿಯೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಜೆ ಸಿಗಲಿಲ್ಲವೆಂದು ಅವನ ಊಟದ ಬಿಡುವಿನಲ್ಲೇ, ಮೇಲಿನ ಮಹಡಿಯ ಅಗ್ಗದ ನೂಡಲ್ಸ್ ಅಂಗಡಿಯಲ್ಲಿ ಸೇರಿದ್ದೆವು. ಅಪ್ಪ ಎಲ್ಲರಿಗೂ ಒಂದೊಂದು ತಟ್ಟೆ ಹೇಳಿದ. ಹುಡುಗನ ತಾಯಿ ಮಗನ ತಟ್ಟೆಯನ್ನು ಮೇಜಿನ ತುದಿಗೆ ತಳ್ಳಿದರು.

“ಮಾತು ಮುಗಿಯೂತನಾ ಹೆಣ್ಣಿನ ಕಡೆಯವರ ಅನ್ನ ಮುಟ್ಟೂದಿಲ್ರಿ ನಾವು.”

“ಅನ್ನ ಎಲ್ಲೈತ್ರಿ ಅಮ್ಮಾರ, ಇದು ನೂಡಲ್ಸು,” ಅಂದೆ. ಅವ್ವ ನನ್ನ ತೊಡೆ ಚಿವುಟಿದಳು.

ಮದುವೆ ನಮ್ಮ ಲಕ್ಷ್ಮೇಶ್ವರದಲ್ಲೋ ಅವರ ಮುಂಡರಗಿಯಲ್ಲೋ ಎಂದು ಹಿರಿಯರು ಎಳೆದಾಡುತ್ತಲೇ ಇದ್ದರು. ನಾನೊಬ್ಬನೇ ತಿನ್ನುತ್ತಿದ್ದೆ. ನಾನು ಸುರ್ ಎಂದು ಒಂದು ಎಳೆ ಎಳೆದರೆ ಎಸ್ಕಲೇಟರ್ ಮೇಲಿದ್ದವರೂ ತಿರುಗಿ ನೋಡುತ್ತಿದ್ದರು. ಹುಡುಗ ಗಡಿಯಾರ ನೋಡಿದ, ತಟ್ಟೆ ನೋಡಿದ, ಮತ್ತೆ ಗಡಿಯಾರ ನೋಡಿದ. ಅಕ್ಕನನ್ನು ನೋಡುವುದನ್ನೇ ಮರೆತಿದ್ದ. ಆಗ ಅವನ ಹೊಟ್ಟೆ ಗುಡುಗಿತು. ದೂರದ ಬೆಳ್ಳಟ್ಟಿ ಊರಿನವರು ಮಳೆ ಬಂತೆಂದು ಅಂಗಳದ ಮೆಣಸಿನಕಾಯಿ ಒಳಗೆ ತಂದಿರಬೇಕು.

ಅಷ್ಟು ಹೊತ್ತು ತಲೆಯೆತ್ತದ ಅಕ್ಕ ತನ್ನ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

“ಬಿಡುವು ಮುಗಿಯಾಕ ಬಂತು. ಉಣ್ರಿ.”

“ಏ, ಮುಟ್ಟಬ್ಯಾಡಲೇ!” ಅಂದರು ಅವನ ತಾಯಿ.

ಹುಡುಗ ಮೊದಲ ಸಲ ಅಕ್ಕನ ಮುಖ ನೋಡಿದ. ನೋಡುತ್ತಲೇ ಫೋರ್ಕ್ ಎತ್ತಿಕೊಂಡು ನನಗಿಂತ ಜೋರಾಗಿ ಸುರ್ ಎಂದ.

ಅವನ ತಾಯಿ ಮಗನ ಗಲ್ಲಕ್ಕೆ ಅಂಟಿದ ಎಳೆಯನ್ನು ಸೆರಗಿನಿಂದ ಒರೆಸಿ, ಅಪ್ಪನ ಕಡೆ ತಿರುಗಿದರು.

“ಉಂಡಬಿಟ್ನಲ್ರಿ! ಇನ್ನೇನೈತಿ, ಮಾತು ಮುಗಿದಂಗ. ಮದುವಿ ನಿಮ್ಮ ಲಕ್ಷ್ಮೇಶ್ವರದಾಗ ಮಾಡ್ರಿ.”