ತಟ್ಟಿಸದ ನೆಗ್ಗು

ಮೂವತ್ತು ವರ್ಷದ ಹಿಂದೆ ಸಾಹುಕಾರರ ಮಗ ಮೋಟಾರ್‌ಸೈಕಲ್ ಗುದ್ದಿಸಿ ಹೂ ಮಾರುವವಳೊಬ್ಬಳನ್ನು ಕೊಂದ. ಗಾಡಿ ಹಿಂದಿನ ವಾರವೇ ಕಳುವಾಗಿತ್ತೆಂದು ಕೋರ್ಟಿನಲ್ಲಿ ಹೇಳಿ ಪಾರಾದ.

ಈಗ ಅವನು ಹಳೇ ಬೈಕುಗಳ ಕ್ಲಬ್ಬಿನ ಅಧ್ಯಕ್ಷ. ವಿಂಟೇಜ್ ವಾಹನಗಳ ಮೇಳದಲ್ಲಿ ಮೇಲೆ ಕಸರತ್ತಿನ ವಿಮಾನಗಳು ಪಲ್ಟಿ ಹೊಡೆಯುತ್ತಿದ್ದರೆ, ಕೆಳಗೆ ಸ್ಪರ್ಧೆಯ ತೀರ್ಪುಗಾರ್ತಿ ಅವನ ಬೈಕಿನ ಪಕ್ಕ ನಿಂತು ಅವನೆದುರು ಮೈಕ್ ಹಿಡಿದಳು.

“ಎಷ್ಟು ಕೈ ಬದಲಾಗಿದೆ ಸರ್ ಈ ಬೈಕು?”

“ನಲವತ್ತು ವರ್ಷದಿಂದ ನಂದೇ ಮೇಡಂ! ಒಂದಿನಾನೂ ನಮ್ಮ ಶೆಡ್ ಬಿಟ್ಟು ಹೊರಗೆ ಮಲಗಿಲ್ಲ.”

“ಮಡ್‌ಗಾರ್ಡ್ ನೆಗ್ಗಿದೆಯಲ್ಲ?”

“ಅದೂ ಒರಿಜಿನಲ್ಲೇ. ತಟ್ಟಿಸಿದ್ರೆ ನೀವು ಮಾರ್ಕ್ಸ್ ಕಟ್ ಮಾಡ್ತೀರಲ್ಲ!”

ಜನ ನಕ್ಕರು.

“ಹಾಗಾದ್ರೆ ಕೋರ್ಟಲ್ಲಿ ಕಳುವಾಯ್ತು ಅಂದ ಗಾಡಿ ಯಾವುದು?”

ಅವನು ಮೈಕಿಗೆ ಕೈ ಹಾಕಿದ. “ಮೈಕ್ ಆಫ್ ಮಾಡ್ರೀ!”

“ಮಾಡಲ್ಲ ಕಣಯ್ಯಾ. ಅದು ನಮ್ಮವ್ವನ ತಲೆ ಬಡಿದ ನೆಗ್ಗು.”